ಗೇಟಿನ ತೂಕ

ತೊಂಬತ್ತೊಂದನೇ ಇಸವಿಯ ಒಂದು ಮಧ್ಯಾಹ್ನ. ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಶಿಡ್ಲಘಟ್ಟದ ಬಸ್ಸಿಗೆ ಕಾದೂ ಕಾದೂ ನನಗೆ ರೇಗಿಹೋಗಿತ್ತು. ಪಕ್ಕದ ಬೆಂಚಿನಲ್ಲಿ ಐವತ್ತು ದಾಟಿದ ಇಬ್ಬರು, ಮಧ್ಯೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದರು. ಒಬ್ಬನ ಅಂಗಿಯ ತುಂಬ ಕಿಡಿ ಸುಟ್ಟ ತೂತುಗಳು. ಇನ್ನೊಬ್ಬನ ಕೈಯಲ್ಲಿ ಕೊಡೆ. ಮೊದಲು ಬಾಯಿ ಬಿಟ್ಟವನು ಕೊಡೆಯವನು.

“ನಾವು ಮಾತು ಬಿಟ್ಟು ಎರಡು ವರ್ಷ ಆಯ್ತು ಕಣೋ ಬಯ್ಯಪ್ಪ.”

“ನಾನು ಮಾಡಿಕೊಟ್ಟ ಗೇಟನ್ನ ಗುಜರಿ ಅಂಗಡಿಗೆ ತಗೊಂಡೋಗಿ ತೂಕ ಹಾಕಿಸ್ದೋನು ನೀನು.”

“ಕೆಜಿಗಿಷ್ಟು ಅಂತ ನಿನ್ನ ರೇಟು. ನೀನು ನಲವತ್ತು ಕೆಜಿ ಅಂದೆ, ನಾನು ಅಷ್ಟಕ್ಕೇ ದುಡ್ಡು ಕೊಟ್ಟೆ. ಮನೇಲಿ ಎತ್ತೋಕೆ ಹೋದ್ರೆ ಅಲ್ಲಾಡಲಿಲ್ಲ.”

“ಅದಕ್ಕೇ ಅನುಮಾನ ಬಂತು.”

“ಹೂಂ, ಬಂತು. ತೂಗಿಸಿದ್ರೆ ಐವತ್ತೆರಡು. ಸ್ನೇಹಿತ ಅಂತ ಹನ್ನೆರಡು ಕೆಜಿ ಬಿಟ್ಟಿದ್ದೆ ನೀನು. ಅದರ ದುಡ್ಡು ಕೊಡೋಕೇ ತೂಗಿಸಿದ್ದು.”

ಬಯ್ಯಪ್ಪ ಅಂಗಿಯ ಒಂದು ತೂತಿನಲ್ಲಿ ಬೆರಳಾಡಿಸಿದ.

“ಬಂದು ಹೇಳಬಾರದಿತ್ತಾ?”

“ಬಂದಿದ್ದೆ. ನನ್ನ ನೋಡ್ತಿದ್ದಂಗೇ ನೀನು ಮುಖಕ್ಕೆ ಶೀಲ್ಡ್ ಹಿಡ್ಕೊಂಡು ವೆಲ್ಡಿಂಗ್ ಶುರು ಮಾಡ್ದೆ. ಆ ಬೆಳಕಿನ ಮುಂದೆ ಎಷ್ಟೊತ್ತು ನಿಂತ್ಕೊಳ್ಳಲಿ?”

ಅಂಬಾಜಿದುರ್ಗದ ಕಡೆಯ ಬಸ್ಸು ಬಂತು. ಕೊಡೆಯವನು ಎದ್ದ.

“ಗೇಟು ಈಗಲೂ ಕಿರ್ ಅನ್ನುತ್ತಾ?” ಬಯ್ಯಪ್ಪ ಕೇಳಿದ.

“ದಿನಕ್ಕೆ ಎರಡು ಸಲ. ನಾನು ಹೋಗುವಾಗ ಒಂದು ಸಲ, ನಾನೇ ಬರುವಾಗ ಒಂದು ಸಲ,” ಎಂದು ಅವನು ಬಸ್ಸು ಹತ್ತಿದ.