ಸೂಚ್ಯಂಕ ಬಿದ್ದ ಬೆಳಗ್ಗೆ

ಅಧ್ಯಕ್ಷೆಯಾದ ಅಂಬುಜಾ ಅವರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಮಹಾಲ್ ಪೇಟೆಯ ಈ ಸಂದಿಯಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕಿ ಸುಸ್ತಾಗಿ ಕುಳಿತಿರುವ ಸಭಿಕರೇ,

ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ, ಬ್ಯಾಂಕಿನಿಂದ ನಿವೃತ್ತನಾದ ಈ ರಘುನಂದನನಿಗೆ ಶಾಲು ಹೊದಿಸಿದ್ದೀರಿ. ಷೇರು ಸೂಚ್ಯಂಕದಲ್ಲಿ ಹಣ ಹೂಡುವುದು ಹೇಗೆಂದು ಹತ್ತು ನಿಮಿಷ ಹೇಳಿ ಎಂದಿದ್ದೀರಿ. ಶಾಲು ಮೊದಲೇ ಕೊಟ್ಟದ್ದು ಒಳ್ಳೆಯದಾಯಿತು.

ಸೂಚ್ಯಂಕ ಎಂದರೇನು? ಐವತ್ತು ದೊಡ್ಡ ಕಂಪನಿಗಳ ಏರಿಳಿತವನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಲೆಕ್ಕ. ಅದರಲ್ಲಿ ಹಣ ಹೂಡಲು ಒಂದು ದಾರಿ ಇಂಡೆಕ್ಸ್ ಫಂಡ್. ತಿಂಗಳಿಗಿಷ್ಟು ಹಾಕುತ್ತೀರಿ, ಐವತ್ತೂ ಕಂಪನಿಗಳ ಚೂರುಪಾರು ನಿಮ್ಮದಾಗುತ್ತದೆ. ಬಿದ್ದರೂ ಕಾಯಲು ಸಮಯವಿರುತ್ತದೆ. ಇನ್ನೊಂದು ದಾರಿ ಆಪ್ಷನ್. ಈ ವಾರದೊಳಗೆ ಸೂಚ್ಯಂಕ ಏರುತ್ತದೆಂದು ನಂಬಿ, ಅದನ್ನು ಇಂದಿನ ದರಕ್ಕೇ ಪಡೆಯುವ ಹಕ್ಕೊಂದನ್ನು ಸಣ್ಣ ಮೊತ್ತಕ್ಕೆ ಕೊಳ್ಳುತ್ತೀರಿ. ಏರಿದರೆ ಕೊಟ್ಟದ್ದು ಮೂರು ಪಟ್ಟಾಗಬಹುದು. ಏರದಿದ್ದರೆ? ಗಡುವಿನ ಸಂಜೆಗೆ ಸೊನ್ನೆ.

ನನಗೆ ಯಾವುದು ರುಚಿಸಿತೆಂದು ಕೇಳಬೇಕೆ? ಸತತ ನಾಲ್ಕು ವಾರ ಆಪ್ಷನ್‌ನಲ್ಲಿ ಗೆದ್ದೆ. ಗೆದ್ದದ್ದನ್ನು ಇದೇ ಸಭಾಂಗಣದಲ್ಲಿ ಹೇಳಿಕೊಂಡು ತಿರುಗಿದೆ. ಇತವಾರಿ ಪೇಟೆಯ ಬಟ್ಟೆ ವ್ಯಾಪಾರಿ ಈರಪ್ಪನವರು, ಹೆಂಡತಿಯ ಜೊತೆ ಮೂರನೇ ಸಾಲಿನಲ್ಲಿದ್ದಾರೆ, “ನೀವು ತಗೊಂಡದ್ದನ್ನ ನಾನೂ ತಗೋತೀನ್ರಿ ಸಾಹೇಬ್ರ” ಎಂದರು. ಅಂಗಡಿಯ ಛಾವಣಿ ರಿಪೇರಿಗೆಂದು ಅವರು ಇಟ್ಟಿದ್ದ ಎರಡು ಲಕ್ಷ. ನಾನೇ ಅವರ ಮೊಬೈಲ್ ಹಿಡಿದು ಅಷ್ಟಕ್ಕೂ ಆಪ್ಷನ್ ಕೊಡಿಸಿದೆ.

ಮರುದಿನ ಚುನಾವಣೆಯ ಫಲಿತಾಂಶ. ಬೆಳಗ್ಗೆ ಒಂಬತ್ತೂವರೆಗೇ ಸೂಚ್ಯಂಕ ಜಾರತೊಡಗಿತು. ಎಷ್ಟು ಬಿದ್ದರೆ ಮಾರಿ ಹೊರಬರಬೇಕೆಂದು ಮೊದಲೇ ನಿಶ್ಚಯಿಸಿಕೊಂಡಿರಬೇಕು. ಇದನ್ನು ದಯವಿಟ್ಟು ಬರೆದುಕೊಳ್ಳಿ. ನಾನು ಹಾಗೆಯೇ ಮಾರಿದೆ. ಅರ್ಧ ಹಣ ಉಳಿಯಿತು.

ಮುಂದಿನದನ್ನು ಹೇಳಲೆಂದು ನಾನು ಬಂದಿರಲಿಲ್ಲ.

ಈರಪ್ಪನವರಿಗೆ ಫೋನ್ ಮಾಡಲಿಲ್ಲ. ಗಡಿಬಿಡಿಯಲ್ಲಿ ಮರೆತೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. “ಮಾರಿಬಿಡಿ” ಎಂದು ನಾನು ಹೇಳಿದ ಮೇಲೆ ಸೂಚ್ಯಂಕ ಏರಿಬಿಟ್ಟರೆ ನನ್ನ ಮರ್ಯಾದೆ ಏನಾಗಬೇಕು? ಹನ್ನೆರಡಕ್ಕೆ ಅವರೇ ಫೋನ್ ಮಾಡಿದರು. ಎತ್ತಲಿಲ್ಲ. ಸಂಜೆಯ ಹೊತ್ತಿಗೆ ಅವರ ಎರಡು ಲಕ್ಷದಲ್ಲಿ ಆರು ಸಾವಿರ ಉಳಿದಿತ್ತು.

ಅಂದು ಸಂಜೆ ಅವರೂ ಅವರ ಮನೆಯವರಾದ ಲಲಿತಾಬಾಯಿಯೂ ನಮ್ಮ ಮನೆಗೆ ಬಂದರು. ಬಯ್ಯಲು ಬಂದರು ಎಂದುಕೊಂಡೆ. “ಫೋನ್ ಎತ್ತಲಿಲ್ಲಲ್ರಿ, ಜೀವ ಹೆದರಿತು. ನಿಮ್ಮದೂ ಹೋತೇನ್ರಿ ಸಾಹೇಬ್ರ? ತಬ್ಯೇತ್ ಬರೋಬರ್ ಐತಿಲ್ಲೋ, ಆರಾಮ ಅದೀರಿಲ್ಲೋ?” ಎಂದರು ಈರಪ್ಪ. ಲಲಿತಾಬಾಯಿ ಡಬ್ಬಿ ಬಿಚ್ಚಿ, “ರೊಕ್ಕ ಹೋದ್ರ ಹೋಗ್ಲಿ ಅಣ್ಣಾರ, ಮೊದಲ ಊಟ ಮಾಡ್ರಿ” ಎಂದರು.

ನಾನು “ಹೌದು, ನನ್ನದೂ ಹೋಯಿತು” ಎಂದೆ. ಹೇಳಿ, ಅವರ ರೊಟ್ಟಿ ತಿಂದೆ.

ಆ ಮಳೆಗಾಲದಲ್ಲಿ ಅಂಗಡಿ ಸೋರಿ ಎರಡು ಕಪಾಟಿನ ಸೀರೆ ನೆನೆದವು. ಈಗ ಅವರು ಇಂಡೆಕ್ಸ್ ಫಂಡಿಗೆ ತಿಂಗಳಿಗೆ ಎರಡು ಸಾವಿರ ಹಾಕುತ್ತಾರೆ. ಈಗಲೂ ನನ್ನನ್ನು ಕೇಳಿಯೇ ಹಾಕುತ್ತಾರೆ. ಸಭಿಕರೇ, ಎರಡು ವರ್ಷದಿಂದ ನನಗೆ ತಡೆಯಲಾಗದೇ ಇರುವುದು ಅದೊಂದೇ.

ಈರಪ್ಪನವರೇ, ನಿಮ್ಮ ಹಣವನ್ನೂ ಅರ್ಧ ಉಳಿಸಬಹುದಿತ್ತು. ನಾನು ಉಳಿಸಲಿಲ್ಲ.

ಅಗೋ, ಲಲಿತಾಬಾಯಿ ಎದ್ದು ಹೊರಟಿದ್ದಾರೆ. ಯಾರೂ ತಡೆಯಬೇಡಿ, ಅವರು ಹೋಗುವುದು ಸರಿಯಾಗಿದೆ. ಈರಪ್ಪನವರು ಮಾತ್ರ ತಲೆ ತಗ್ಗಿಸಿ ಕುಳಿತೇ ಇದ್ದಾರೆ. ನಾಚಬೇಕಾದವನು ನಾನು, ಅವರಲ್ಲ.

ಮಾತಾಡಲು ಕರೆದವರಿಗೂ ಸುಮ್ಮನೆ ಕೂತು ಕೇಳಿದವರಿಗೂ ನಾನು ಋಣಿ. ಅಧ್ಯಕ್ಷರು ಅನುಮತಿ ಕೊಟ್ಟರೆ, ನನ್ನ ಕುರ್ಚಿಗೆ ಮರಳದೆ ನೇರ ಮೂರನೇ ಸಾಲಿಗೆ ಹೋಗುತ್ತೇನೆ. ನಮಸ್ಕಾರ.