ಹಾಲಿನದೇನೂ ತಪ್ಪಿಲ್ಲ

ಹಸುಗೂಸು ಉಳಿಯಲಿಲ್ಲವೆಂದು ಡಾಕ್ಟರು ತಿಳಿಸಿದ ದಿನ, ಅದರ ತಾಯಿ ಮತ್ತು ಅಜ್ಜಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಔಷಧಿಗೆ ಕಾಯುತ್ತಿದ್ದ ಮುದುಕರಿಗೆ ಅವರ ಮಾತು ಕಿವಿಗೆ ಬಿತ್ತು.

“ನನ್ನ ಹಾಲೇ ವಿಷ ಆಯ್ತಲ್ಲ, ಅತ್ತೆ.”

“ಹಾಲು ಚೆನ್ನಾಗೇ ಇತ್ತು ಕಣಮ್ಮ. ಹಾಲಿನ ಸಕ್ಕರೇನ ಬೇಗ ಬೇಗ ಅರಗಿಸೋಕೆ ಮೈಯೊಳಗೆ ಕಿಣ್ವ ಅಂತ ಇರತ್ತಂತೆ. ಕಂದನಿಗೆ ಹುಟ್ಟಿನಿಂದ್ಲೇ ಅದು ಇರ್ಲಿಲ್ಲ. ಅದಕ್ಕೇ ಆ ಸಕ್ಕರೆ ಅರಗದೆ ಮೈಯಲ್ಲೇ ಉಳಿದು ನಂಜಾಯ್ತಂತೆ.”

“ಆ ಕೊರತೆ ನನ್ನಿಂದ್ಲೇ ಬಂತಲ್ವಾ?”

“ನಿನ್ನಿಂದ ಒಂದು ಪಾಲು, ನನ್ನ ಮಗನಿಂದ ಒಂದು ಪಾಲು. ಎಲ್ಲಾ ನಿನ್ನ ತಲೆ ಮೇಲೇ ಹಾಕ್ಕೋಬೇಡ.”

“ಕಂದ ಅತ್ತಾಗೆಲ್ಲ ಎದೆಗೆ ಹಾಕ್ಕೊಂಡೆ.”

“ಇನ್ನೊಂದ್ಸಲ ಕುಡಿಸು, ಇನ್ನೊಂದ್ಸಲ ಕುಡಿಸು ಅಂತ ನಿನ್ನ ಜೀವ ತಿಂದವಳು ನಾನು. ನಮಗೇನು ಗೊತ್ತಿತ್ತು?”

ಸೊಸೆಯ ರವಿಕೆ ಹಾಲಿನಿಂದ ಮತ್ತೆ ಒದ್ದೆಯಾಗಿತ್ತು. ಅತ್ತೆ ತಮ್ಮ ಶಾಲನ್ನು ಅವಳಿಗೆ ಹೊದಿಸಿ, ಕೈಹಿಡಿದು ಕರೆದೊಯ್ದರು.

ಮುದುಕರು ಕಣ್ಣು ಮುಚ್ಚಿದರು. ಭಗವಂತ, ಆ ಕಂದನನ್ನು ನಿನ್ನ ಮಡಿಲಲ್ಲಿ ನೆಮ್ಮದಿಯಾಗಿ ಮಲಗಿಸು.