ಡೋಣಿ ಹಾದಿಯಲ್ಲಿ ಅಂಗೈ ಚಾಚಿದ ಬಕೆಟ್ಟು

ನಂಬುವವರು ನಂಬಿ, ಬಿಡುವವರು ಬಿಡಿ... ನನಗೆ ಇದನ್ನು ಹೇಳಿದ ಗದಗಿನ ಲಾಲಬಿಯ ಖಾಸಾ ತಮ್ಮ ಅಲ್ಲಾಉದ್ದೀನನಿಗೆ ಹೋದ ವರ್ಷ ಆದದ್ದು ಇದು.

ಡೋಣಿ ಊರಲ್ಲಿ ಊಟ ಮುಗಿಸಿ, ರಾತ್ರಿ ಹತ್ತೂವರೆಗೆ, ಆಲದ ಮರದ ಹಾದಿ ಹಿಡಿದು ತನ್ನ ಶೆಡ್ಡಿಗೆ ಹೊರಟಿದ್ದ. ರಸ್ತೆ ಕೆಲಸದಲ್ಲಿ ಹಿಟಾಚಿ, ಅಂದರೆ ಮಣ್ಣು ತೋಡುವ ಮಷೀನು, ಓಡಿಸುವವನು. ಮರದ ಬುಡದ ಹಳೇ ಬಾವಿಯನ್ನು ಮೂರು ದಿನದ ಹಿಂದೆ ಅವನೇ ಮಣ್ಣು ತುಂಬಿ ಮುಚ್ಚಿದ್ದ. ಮಷೀನೂ ಅಲ್ಲೇ ನಿಂತಿತ್ತು. ಅದರ ತೋಳಿನ ತುದಿಗೆ ಹೊಸದೊಂದು ಜೋಡಣೆ ಬಂದಿತ್ತು. ಬಕೆಟ್ಟನ್ನು ಓರೆ ಮಾಡಬಹುದು, ಗರಗರ ಸುತ್ತಿಸಬಹುದು... ಥೇಟ್ ಮನುಷ್ಯನ ಮಣಿಕಟ್ಟು. ಕೆಲಸದವರು ಅದಕ್ಕೆ 'ಮುಂಗೈ' ಅನ್ನುತ್ತಿದ್ದರು.

ಕೆಲಸ ಬಿಟ್ಟಾಗ ಬಕೆಟ್ಟಿನ ಹಲ್ಲನ್ನು ನೆಲಕ್ಕೆ ಊರಿ ಇಳಿಯುವುದು ವಾಡಿಕೆ. ಅಲ್ಲಾಉದ್ದೀನ ಊರಿಯೇ ಇಳಿಯುತ್ತಿದ್ದ. ಆದರೆ ಮೂರು ಮುಂಜಾನೆಯೂ ಬಕೆಟ್ಟು ಅಂಗಾತ... ಬಾವಿಯ ಕಡೆ ಚಾಚಿದ ಅಂಗೈಯಂತೆ.

"ರಾತ್ರಿ ನನ್ನ ಮಷೀನ ಓಡಿಸಿ ಮಣ್ಣು ಮಾರ್ತೀಯೇನಲೇ?" ಎಂದು ಮಾಲಕ ದೇವೇಂದ್ರಪ್ಪ ಆ ಸಂಜೆ ಕೆಲಸ ಬಿಟ್ಟ ಮೇಲೆ ಕೀಲಿ ಕಸಿದುಕೊಂಡಿದ್ದ. "ಇನ್ನೊಮ್ಮೆ ಹಿಂಗಾತಂದ್ರ ಗಂಟುಮೂಟಿ ಕಟ್ಟು."

ಅಲ್ಲಾಉದ್ದೀನನ ಗುಮಾನಿಯೇ ಬೇರೆ. ಮಾಲಕನ ಅಳಿಯ ಆ ಸೀಟಿನ ಮೇಲೆ ಕಣ್ಣಿಟ್ಟು ವರ್ಷವಾಗಿತ್ತು.

ಆಲದ ಕೆಳಗೆ ಏನೋ ಅಲುಗಿತು...

"ಯಾರದು?"

"ನಾನಲೇ, ದೇವೇಂದ್ರಪ್ಪ. ಕಳ್ಳನ್ನ ಹಿಡಿಯಾಕ ಕುಂತೀನಿ."

"ನನಗೂ ಕಳ್ಳನ್ನ ನೋಡೂದೈತ್ರಿ," ಎಂದು ಅವನೂ ಪಕ್ಕದಲ್ಲಿ ಕುಕ್ಕರಿಸಿದ.

ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಕೂತರು. ಮಷೀನನ್ನು ಯಾರೂ ಕಾಯುತ್ತಿರಲಿಲ್ಲ.

ಸ್ಸ್ಸ್ಸ್...

ಎಣ್ಣೆ ಪೈಪಿನ ಸದ್ದು. ಆಮೇಲೆ ಕಿರ್ರ್... ಕಿರ್ರ್... ಚಕ್ರ ಒಂದೊಂದೇ ಹಲ್ಲು ಸರಿದ ಹಾಗೆ. ಎಂಜಿನ್ನಿನ ಸದ್ದಿಲ್ಲ. ನೆಲ ಕಚ್ಚಿದ್ದ ಬಕೆಟ್ಟು ಎದ್ದಿತು. ಓರೆಯಾಯಿತು. ನಿಧಾನಕ್ಕೆ ಮಗ್ಗುಲು ತಿರುಗಿ... ಅಂಗಾತವಾಯಿತು.

ಟಕ್.

"ಕೀಲಿ?" ಅಲ್ಲಾಉದ್ದೀನ ಪಿಸುಗುಟ್ಟಿದ.

"ನನ್ನ ಕಿಸೇದಾಗ ಐತಿ."

"ನಿಮ್ಮ ಅಳಿಯಾರು?"

"ಹುಬ್ಬಳ್ಳ್ಯಾಗ ಅದಾನ... ಎಣ್ಣಿ ಸೋರಿರಬೇಕಲೇ."

"ಸೋರಿದ್ರ ಕೆಳಗ ಕುಸೀತೈತ್ರಿ. ಮ್ಯಾಲ ಏಳೂದಿಲ್ಲ."

ಅಲ್ಲಾಉದ್ದೀನ ಹೋಗಿ ಎಂಜಿನ್ನು ಮುಟ್ಟಿ ನೋಡಿದ. ತಣ್ಣಗಿತ್ತು.

ದೇವೇಂದ್ರಪ್ಪನ ದನಿ ಇಳಿದಿತ್ತು. "ಬಾವಿ ಮುಚ್ಚೂಮುಂದ ಪೈಪ ನಿಲ್ಲಿಸಿದ್ಯೋ ಇಲ್ಲೋ?"

ಹಳೇ ಬಾವಿ ಮುಚ್ಚುವಾಗ ತಳದಿಂದ ಮೇಲಕ್ಕೊಂದು ಪೈಪು ನಿಲ್ಲಿಸುತ್ತಾರೆ. ಬಾವಿ ಉಸಿರಾಡಬೇಕು. ಅದರ ಉಸಿರು ಕಟ್ಟಿಸಬಾರದು.

"ನೀವ ಬ್ಯಾಡಂದ್ರಲ್ರಿ. ಉಸಿರು ಗಿಸಿರು ಆಮ್ಯಾಲ, ಜಲ್ದಿ ಮುಚ್ಚು ಅಂತ."

ದೇವೇಂದ್ರಪ್ಪ ನಸುಕಿನಲ್ಲಿ ಪೈಪು ತರಿಸಿದ. ಕಿಸೆಗೆ ಕೈ ಹಾಕಿ ಕೀಲಿ ತೆಗೆದು ಕೊಟ್ಟ.

"ಹತ್ತಲೇ. ನೀನ ತೋಡು. ಬ್ಯಾರೆ ಯಾರೂ ಬ್ಯಾಡ."

ಪೈಪು ನಿಲ್ಲಿಸಿದ ದಿನದಿಂದ ಬಕೆಟ್ಟು ಊರಿದಲ್ಲೇ ಇರುತ್ತದೆ. ಅಲ್ಲಾಉದ್ದೀನನೂ ಅದೇ ಸೀಟಿನಲ್ಲಿದ್ದಾನೆ. ಖರೆ ಹೌದೋ ಅಲ್ಲವೋ, ಹೋಗಿ ಅವನನ್ನೇ ಕೇಳಿ. ಉಳಿದದ್ದನ್ನೆಲ್ಲ ನಗುತ್ತ ಹೇಳುತ್ತಾನೆ. ಕೀಲಿಯ ಮಾತು ಬಂದರೆ ಮಾತ್ರ ಅಂಗೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಾನೆ.

ಕೈಗೆ ಬಂದಾಗ ಅದರಿಂದ ಬಾವಿನೀರಿನಂತೆ ತಣ್ಣನೆಯ ನೀರು ತೊಟ್ಟಿಕ್ಕುತ್ತಿತ್ತು. ದೇವೇಂದ್ರಪ್ಪನ ಕಿಸೆ ಮಾತ್ರ ಒಣಗಿಯೇ ಇತ್ತು.